ಜಿಲೇಬಿಗೊಬ್ಬ ರೂಮ್‌ಮೇಟ್

ದೆಹಲಿಗೆ ಹೊಸದಾಗಿ ಬಂದಿದ್ದೀರಾ? ಇರಲು ಜಾಗ ಬೇಕೇ? ನನ್ನನ್ನು ಕೇಳಿ. ಎಲ್ಲರೂ ನನ್ನನ್ನೇ ಕೇಳುತ್ತಾರೆ. ಕೇಳದವರಿಗೆ ನಾನೇ ಕರೆದು ಹೇಳುತ್ತೇನೆ.

ಓಖ್ಲಾದಲ್ಲಿ ನನ್ನದೊಂದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಇದೆ. ತುಮಕೂರಿನಿಂದ ರೈಲು ಹತ್ತಿದಾಗ ನನ್ನ ಹತ್ತಿರ ಇದ್ದದ್ದು ಒಂದು ಬ್ಯಾಗು, ಒಂದು ಹೊದಿಕೆ ಮತ್ತು ಚೌಕಾಸಿ ಮಾಡುವ ಬಾಯಿ. ಬ್ಯಾಗು ರೈಲಿನಲ್ಲೇ ಕಳುವಾಯಿತು. ಹೊದಿಕೆ ಮೊದಲ ಚಳಿಗಾಲದಲ್ಲೇ ಸವೆಯಿತು. ಬಾಯಿ ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಯಿತು! ನನ್ನ ಸಿದ್ಧಾಂತ ಸರಳ. ಯಾರೇ ಏನೇ ಹೇಳಲಿ, ಅದು ಅವರು ಮೊದಲು ಹೇಳುವ ರೇಟು. ನಿಜವಾದದ್ದು ಅದರ ಅರ್ಧ. ತರಕಾರಿ ಭಯ್ಯಾನಿಗೆ ಇದು ಅನ್ವಯಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಡಾಕ್ಟರಿಗೂ ಅನ್ವಯಿಸುತ್ತದೆ ಎಂದು ಕಂಡುಹಿಡಿದವನು ನಾನು. "ಮೂರು ಹೊತ್ತು ಮಾತ್ರೆ ತಗೊಳ್ಳಿ" ಎಂದರೆ, "ನೋಡಿ ಸಾರ್, ನಿಮ್ಮದೂ ಬೇಡ, ನಂದೂ ಬೇಡ, ಎರಡಕ್ಕೆ ಮುಗಿಸೋಣ" ಎನ್ನುತ್ತೇನೆ.

ಪೆಟ್ಟಿಗೆ ವ್ಯಾಪಾರ ನನಗೆ ಕಲಿಸಿದ ಇನ್ನೊಂದು ಸತ್ಯವೂ ಇದೆ. ಜಾಗ ಸಾಲುವುದಿಲ್ಲ ಎಂಬುದೇ ಸುಳ್ಳು. ಜೋಡಿಸುವವನಿಗೆ ಬುದ್ಧಿ ಸಾಲುವುದಿಲ್ಲ, ಅಷ್ಟೆ. ಕರ್ನಾಟಕದಿಂದ ಓದಲು, ಕೆಲಸಕ್ಕೆ ಬರುವ ಮಕ್ಕಳನ್ನೆಲ್ಲ ಮುನಿರ್ಕಾದ ಗಲ್ಲಿಗಳಲ್ಲಿ ಹೀಗೆಯೇ ಜೋಡಿಸಿಕೊಂಡು ಬಂದಿದ್ದೇನೆ. ರಾತ್ರಿ ಪಾಳಿಯ ಐಟಿ ಹುಡುಗನಿಗೂ ಹಗಲು ತರಗತಿಗೆ ಹೋಗುವ ವಿದ್ಯಾರ್ಥಿಗೂ ಸೇರಿ ಒಂದೇ ಮಂಚ ಕೊಡಿಸಿದ್ದೆ. ಒಬ್ಬ ಏಳುವಾಗ ಇನ್ನೊಬ್ಬ ಮಲಗುತ್ತಿದ್ದ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ದೀಪಾವಳಿ ರಜೆಯಲ್ಲಿ! ಜಗಳವೇ ಇಲ್ಲ.

ಇಂಥ ನನಗೆ ಎರಡು ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದು ಒಂದು ಕೆಲಸವೇ?

ಮೊದಲನೆಯ ಹಾವು ನಮ್ಮ ಮನೆಗೆ ಹೇಗೆ ಬಂತು ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನಮ್ಮ ಸಂಸಾರವನ್ನೇ ಅನುಮಾನಿಸುತ್ತೀರಿ. ಹನ್ನೊಂದನೆಯ ತರಗತಿಯಲ್ಲಿರುವ ಮಗಳು ಶ್ರಾವ್ಯ ನಾಯಿ ಬೇಕೆಂದು ಹಟ ಹಿಡಿದಳು. ನಾನು ಚೌಕಾಸಿಗೆ ಇಳಿದೆ. ಪ್ರಾಣಿ ಬೊಗಳಬಾರದು. ಕೂದಲು ಉದುರಿಸಬಾರದು. ಬೆಳಗಿನ ಮಂಜಿನಲ್ಲಿ ವಾಕಿಂಗ್ ಕೇಳಬಾರದು. ದಿನಾ ಊಟ ಕೇಳಬಾರದು. ಇಷ್ಟಕ್ಕೆ ಒಪ್ಪುವ ಪ್ರಾಣಿ ಲೋಕದಲ್ಲೇ ಇಲ್ಲ ಎಂಬ ಧೈರ್ಯದಿಂದ ಕಾಫಿ ಕುಡಿಯುತ್ತ ಕುಳಿತೆ. ಅವಳು ಹಾವು ತಂದಳು! ಎಲ್ಲ ಕರಾರಿಗೂ ಬದ್ಧವಾದ ಪ್ರಾಣಿ. ಕಾರ್ನ್ ಸ್ನೇಕ್ ಎಂಬ ವಿದೇಶಿ ಜಾತಿ, ವಿಷವಿಲ್ಲ, ಸರಕಾರಿ ಕಾಗದಪತ್ರವೆಲ್ಲ ಸರಿಯಾಗಿದೆ. ಬಂದಾಗ ಪೆನ್ಸಿಲ್‌ನಷ್ಟು ಸಣ್ಣಗಿತ್ತು. ಕಿತ್ತಳೆ ಬಣ್ಣ, ಸುರುಳಿ ಸುತ್ತಿ ಮಲಗುವ ಅಭ್ಯಾಸ. ಹೆಸರು ಜಿಲೇಬಿ. ಶ್ರಾವ್ಯ ಅದನ್ನು ಅಂಗೈಯಲ್ಲೇ ಬೆಳೆಸಿದಳು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ದಿನ ನಮ್ಮ ಹತ್ತಿರ ಮಾತಾಡುವುದಿಲ್ಲ, ಅದರ ಪೆಟ್ಟಿಗೆಯ ಮುಂದೆ ಹೋಗಿ ಕೂರುತ್ತಾಳೆ.

ನನ್ನ ಹೆಂಡತಿ ವಸುಧಾ ಈರುಳ್ಳಿಯನ್ನೇ ಅನುಮಾನದಿಂದ ನೋಡುವ ಮನೆತನದವಳು. ಅವಳು ಮಗಳಿಗಾಗಿ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಈ ಮನೇಲಿ ಒಂದು ಪೆಟ್ಟಿಗೆ. ಒಂದೇ ಪೆಟ್ಟಿಗೆ." ಜಿಲೇಬಿಯ ಆಹಾರವಾದ ಹೆಪ್ಪುಗಟ್ಟಿದ ಇಲಿಗಳಿಗೆ ಬಾಲ್ಕನಿಯಲ್ಲಿ ಪ್ರತ್ಯೇಕ ಪುಟ್ಟ ಫ್ರಿಜ್ಜು ಇದೆ. ಅದನ್ನು ದಾಟಿ ಬಟ್ಟೆ ಒಣಹಾಕಲು ಹೋಗುವಾಗ ವಸುಧಾ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾಳೆ, ಸಂಬಂಧ ಕೆಟ್ಟ ಬೀಗರ ಮನೆಯ ಮುಂದೆ ಹಾದುಹೋಗುವ ಹಾಗೆ.

ಜನವರಿಯ ಚಳಿ. ಶ್ರಾವ್ಯ ಶಾಲೆಯವರ ಜೊತೆ ಜೈಸಲ್ಮೇರ್ ಪ್ರವಾಸಕ್ಕೆ ಹೊರಟಳು.

"ಪಪ್ಪಾ, ಜಿಲೇಬಿ ಕೋ ಕುಛ್ ಹೋನಾ ನಹೀ ಚಾಹಿಯೇ. ಪ್ರಾಮಿಸ್?"

"ನಾನಿದ್ದೀನಲ್ಲಮ್ಮ!"

"ಇಸೀಲಿಯೇ ತೋ ಪೂಛ್ ರಹೀ ಹೂಂ." ಅದಕ್ಕೇ ಕೇಳುತ್ತಿರುವುದಂತೆ!

"ಪ್ರಾಮಿಸ್ ಪುಟ್ಟಿ." ಕೈ ಮೇಲೆ ಕೈ ಇಟ್ಟು ಹೇಳಿದೆ. ಅವಳು ಹೊರಟಳು.

ಮರುದಿನ ನಜ್ಮಾ ಫೋನ್ ಮಾಡಿದಳು. ಧಾರವಾಡದ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದಾಳೆ. ಮುನಿರ್ಕಾದಲ್ಲಿ ಅವಳಿಗೆ ರೂಮು ಕೊಡಿಸಿದವನು ನಾನು. ಶ್ರಾವ್ಯಳಿಗೆ ಹಾವಿನ ಹುಚ್ಚು ಹಿಡಿಸಿದವಳು ಅವಳು. ಲೆಕ್ಕ ಸರಿಹೋಯಿತು.

"ಅಂಕಲ್, ಮಾಲಕಗ ನವಾಬ್ ಕಂಡುಬಿಟ್ಟಾನ್ರಿ. ಇವತ್ತ ರೂಮ್ ಖಾಲಿ ಮಾಡು ಅನ್ಲಿಕತ್ತಾರ."

"ನವಾಬ ಯಾರಮ್ಮ? ಹುಡುಗನಾ?"

"ಅಯ್ಯ, ಅಲ್ರಿ ಅಂಕಲ್! ಹಾವು."

"ಸದ್ಯ!" ಎಂದೆ. ಹುಡುಗನಾಗಿದ್ದರೆ ಮುನಿರ್ಕಾದ ಮನೆ ಮಾಲೀಕನನ್ನು ಒಪ್ಪಿಸುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಹೋದೆ. ಮಾಲೀಕರು ಗಲ್ಲಿಯ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೆಂಪಗೆ ಕೂತಿದ್ದರು. "ಆಪ್ ನೇ ಬೋಲಾ ಥಾ, ಲಡ್ಕೀ ಅಕೇಲೀ ರಹೇಗೀ!" ಎಂದು ಗುಡುಗಿದರು.

"ಒಬ್ಬಳೇ ಇದ್ದಾಳಲ್ಲ ಭಾಯಿಸಾಬ್. ಹಾವು ಬಾಡಿಗೆದಾರರ ಲೆಕ್ಕಕ್ಕೆ ಬರುತ್ತಾ? ನೀರು ಬಳಸುತ್ತಾ? ಮೆಟ್ಟಿಲಲ್ಲಿ ಚಪ್ಪಲಿ ಬಿಡುತ್ತಾ?" ಎಂದು ನನ್ನ ಹಿಂದಿಯಲ್ಲಿ ಕೇಳಿದೆ. ಅವರು ತಬ್ಬಿಬ್ಬಾದ ಕ್ಷಣದಲ್ಲೇ ವ್ಯವಹಾರ ಮುಗಿಸಿದೆ. ಹಾವು ಹೋಗಬೇಕು, ಹುಡುಗಿ ಇರಬಹುದು. ಆಕೆ ಬೇರೆ ರೂಮು ನೋಡಿಕೊಳ್ಳುವವರೆಗೆ ಸದರಿ ಹಾವು ಮಯೂರ್ ವಿಹಾರದ ನನ್ನ ಫ್ಲಾಟಿನಲ್ಲಿ ಅತಿಥಿ. ಉಭಯ ಪಕ್ಷಗಳೂ ಒಪ್ಪಿದವು.

ನವಾಬನನ್ನು ನೋಡಿ ನನಗೆ ಗೌರವವೇ ಬಂತು. ಜಾತಿಯ ಹೆಸರು ಕಿಂಗ್ ಸ್ನೇಕ್. ಕಪ್ಪು ಬಿಳುಪಿನ ಪಟ್ಟೆ, ತುಂಬಿದ ಮೈ, ಗಂಭೀರ ನಡಿಗೆ. ಒಳ್ಳೆಯ ಮನೆತನದ ಪೈಕಿ ಎಂದು ನೋಡಿದರೇ ತಿಳಿಯುತ್ತಿತ್ತು. ನಜ್ಮಾ ಅವನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು ನನ್ನ ಕೈಗೆ ಕೊಟ್ಟಳು.

"ಅಂಕಲ್, ಇದ ಡಬ್ಬಿಯೊಳಗ ಇಡ್ರಿ. ಬೆಚ್ಚಗಿರಬೇಕು. ಜಿಲೇಬಿ ಜೋಡಿ ಮಾತ್ರ ಇಡಬ್ಯಾಡ್ರಿ. ಇವ ಬ್ಯಾರೆ ಹಾವ ಕಂಡ್ರ..."

"ಗೊತ್ತಮ್ಮ, ನಾಚಿಕೊಳ್ತಾನೆ. ಹೊಸಬರೆಲ್ಲ ಹಾಗೇ. ನೀನು ಬಂದಾಗ ಹೇಗಿದ್ದೆ, ನೆನಪಿದೆಯಾ?"

"ನಾಚಿಕಿ ಅಲ್ರಿ ಅಂಕಲ್, ಇವ..."

"ಅದೆಲ್ಲ ನನಗೆ ಬಿಡು!"

ಅಷ್ಟರಲ್ಲಿ ಮಾಲೀಕರ ಹೆಂಡತಿ ರೂಮನ್ನು ಗಂಗಾಜಲ ಹಾಕಿ ತೊಳೆಸಬೇಕೆಂದು ನಜ್ಮಾಳನ್ನು ಮೇಲಕ್ಕೆ ಕರೆದರು. ಅವಳ ಮಾತು ಅರ್ಧಕ್ಕೇ ನಿಂತಿತು. ನನಗಂತೂ ಅರ್ಧ ಸಾಕಾಗಿತ್ತು. ನನ್ನ ಸಿದ್ಧಾಂತ ನಿಮಗೆ ಗೊತ್ತೇ ಇದೆಯಲ್ಲ.

ಮನೆಗೆ ಬಂದಾಗ ವಸುಧಾ ಬಾಗಿಲಲ್ಲೇ ತಡೆದಳು.

"ರೀ, ಏನದು?"

"ಅತಿಥಿ ಕಣೇ. ಸ್ವಲ್ಪ ದಿನದ ಮಟ್ಟಿಗೆ."

"ಒಂದೇ ಪೆಟ್ಟಿಗೆ ಅಂತ ಮಾತಾಗಿತ್ತು. ಬಾಲ್ಕನೀಲಿಡಿ."

"ಈ ಚಳಿಗೆ ಸತ್ತುಹೋಗುತ್ತೆ."

"ಕಾರ್ಖಾನೇಲಿಡಿ."

"ಕೆಲಸದವರು ಸತ್ತುಹೋಗ್ತಾರೆ."

"ನನಗದೆಲ್ಲ ಗೊತ್ತಿಲ್ಲ. ಎರಡನೇ ಪೆಟ್ಟಿಗೆ ಈ ಹೊಸ್ತಿಲು ದಾಟಬಾರದು."

ಅಲ್ಲೇ ನನ್ನ ಪ್ರತಿಭೆ ಮಿಂಚಿತು! ಷರತ್ತು ಇರುವುದು ಪೆಟ್ಟಿಗೆಯ ಬಗ್ಗೆ. ಹಾವಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಡಬ್ಬಿಯನ್ನು ಹೊಸ್ತಿಲಾಚೆ ಬಿಟ್ಟು ನವಾಬನನ್ನು ಟವಲಿನಲ್ಲಿ ಸುತ್ತಿ ಒಳಗೆ ತಂದೆ. ಜಿಲೇಬಿಯ ಗಾಜಿನ ಪೆಟ್ಟಿಗೆ ವಿಶಾಲವಾಗಿತ್ತು. ಒಂದು ಹೀಟರ್, ಇಬ್ಬರಿಗೆ ಶಾಖ. ಒಂದು ನೀರಿನ ಬಟ್ಟಲು, ಇಬ್ಬರ ದಾಹ. ಮುನಿರ್ಕಾದಲ್ಲಿ ಇಷ್ಟು ಜಾಗದಲ್ಲಿ ನಾಲ್ವರು ಐಎಎಸ್‌ಗೆ ಓದುತ್ತಾರೆ!

ಹಾಗೆಂದು ನಾನು ನಜ್ಮಾಳ ಮಾತನ್ನು ಪೂರ್ತಿ ತಳ್ಳಿಹಾಕಿದೆ ಎಂದುಕೊಳ್ಳಬೇಡಿ. ಚೌಕಾಸಿ ಎಂದರೆ ಇಬ್ಬರೂ ಸ್ವಲ್ಪ ಬಗ್ಗುವುದು. ಅವಳು ಬೇರೆ ಬೇರೆ ಇಡಿ ಎಂದಿದ್ದಳು, ನಾನು ನಡುವೆ ಗೋಡೆ ಹಾಕಿಸಿದೆ. ನಮ್ಮದೇ ಕಾರ್ಖಾನೆಯ ಐದು ಪದರದ ರಟ್ಟು. ರಫ್ತಿನ ಮಾಲು. ಹಡಗಿನಲ್ಲಿ ಸಮುದ್ರ ದಾಟುತ್ತದೆ.

ಬೆಳಗಾಗುವಷ್ಟರಲ್ಲಿ ನೀರಿನ ಬಟ್ಟಲು ಚೆಲ್ಲಿ, ಸಮುದ್ರ ದಾಟುವ ರಟ್ಟು ಅಂಬಲಿಯಾಗಿತ್ತು.

ಗಾಬರಿಯಿಂದ ಬಗ್ಗಿ ನೋಡಿದೆ. ಏನು ದೃಶ್ಯ! ಬಚ್ಚಿಟ್ಟುಕೊಳ್ಳಲು ಇಟ್ಟಿದ್ದ ಮಡಕೆಯ ಚೂರಿನ ಕೆಳಗೆ, ಕಿತ್ತಳೆಯೂ ಕಪ್ಪು ಬಿಳುಪೂ ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ನನ್ನ ಕಣ್ಣು ಒದ್ದೆಯಾಯಿತು. ಯಾವುದೋ ಎರಡು ದೇಶದ ಜೀವಿಗಳು, ಭಾಷೆ ಬೇರೆ, ಬಣ್ಣ ಬೇರೆ, ಆದರೂ ದೆಹಲಿಯ ಚಳಿಯಲ್ಲಿ ಒಂದಾಗಿವೆ! ಫೋಟೋ ತೆಗೆದು ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: "ಹಾವುಗಳೇ ಹೊಂದಿಕೊಂಡಿವೆ. ಬಾತ್‌ರೂಮಿಗಾಗಿ ಜಗಳವಾಡುವ ನಮ್ಮ ಯುವಕರು ಯೋಚಿಸಲಿ." ಕೈಮುಗಿಯುವ ಚಿತ್ರಗಳ ಮಳೆಯೇ ಸುರಿಯಿತು. ಚಾಣಕ್ಯಪುರಿಯ ಕಚೇರಿಯೊಂದರಲ್ಲಿರುವ ಅಧಿಕಾರಿಯೊಬ್ಬರು "ಮಾರ್ಮಿಕ" ಎಂದು ಬರೆದರು. ಅವರು ಯಾರಿಗೂ ಏನೂ ಬರೆಯುವವರಲ್ಲ!

ಸುದ್ದಿ ಎದುರು ಫ್ಲಾಟಿನ ಭಾಟಿಯಾ ಭಾಭಿಗೂ ತಲುಪಿತು. ಅವರು ಹಾಲಿನ ಬಟ್ಟಲು ಹಿಡಿದು ಬಂದರು.

"ನಾಗ್ ನಾಗಿನ್ ಕೀ ಜೋಡಿ! ಭಾಯಿಸಾಬ್, ನಮ್ಮ ರೋಹಿತ್‌ಗೆ ಎಲ್ಲೂ ಸಂಬಂಧ ಕೂಡಿಬರುತ್ತಿಲ್ಲ. ದರ್ಶನ ಮಾಡಿಕೊಂಡು ಹೋಗುತ್ತೇನೆ," ಎಂದು ಹಿಂದಿಯಲ್ಲಿ ಹೇಳಿ ಗಾಜಿಗೆ ಹಣೆ ಮುಟ್ಟಿಸಿದರು.

ವಸುಧಾ ನನ್ನ ಕಿವಿಯಲ್ಲಿ, "ರೀ, ಎರಡೂ ಗಂಡು," ಎಂದಳು.

"ಹೊಂದಾಣಿಕೆ ಮುಖ್ಯ ಕಣೇ," ಎಂದೆ. ನಂತರ ಭಾಭಿಗೆ ರೋಹಿತನ ಮದುವೆಯ ಬಗ್ಗೆ ವಿವರವಾಗಿ ಸಲಹೆ ಕೊಟ್ಟೆ. ಅವರು ಕೇಳಿರಲಿಲ್ಲ. ಅದಕ್ಕೇನು?

ಆಮೇಲೆ ಕೆಲವು ಸಣ್ಣಪುಟ್ಟ ಬೆಳವಣಿಗೆಗಳಾದವು. ಜಿಲೇಬಿ ಮುಚ್ಚಳದ ಅಂಚಿಗೆ ಮೂಗು ತಿಕ್ಕುತ್ತ ಸುತ್ತತೊಡಗಿತು. ವ್ಯಾಯಾಮ ಎಂದುಕೊಂಡೆ. ನವಾಬ ಅದರ ಹಿಂದೆಯೇ ಸುತ್ತತೊಡಗಿದ. ಜೊತೆಗೊಬ್ಬ ಇದ್ದರೆ ವಾಕಿಂಗ್ ತಪ್ಪುವುದಿಲ್ಲ ಎಂದು ನಾನೇ ಎಷ್ಟು ಜನಕ್ಕೆ ಹೇಳಿಲ್ಲ! ನವಾಬ ನಾಲಿಗೆ ಚಾಚಿ ಜಿಲೇಬಿಯ ಬೆನ್ನನ್ನು ಉದ್ದಕ್ಕೂ ಸವರಿ ನೋಡಿದ. ಸಲಿಗೆ! ಜೈಸಲ್ಮೇರ್‌ನಿಂದ ಶ್ರಾವ್ಯ ವಿಡಿಯೋ ಕೇಳಿದಾಗ ಮಾತ್ರ ಜಿಲೇಬಿ ಒಂದೇ ಇರುವ ಮೂಲೆ ನೋಡಿ ತೆಗೆದು ಕಳಿಸಿದೆ. ಬಂದಾಗ ಆಶ್ಚರ್ಯವಾಗಲಿ ಎಂದು.

ವಸುಧಾ ಮಾತ್ರ ದೂರದಿಂದಲೇ ನೋಡಿ ಹೇಳಿದಳು, "ರೀ, ಅದು ನಮ್ಮದನ್ನ ನೋಡೋ ರೀತಿ ನನಗೆ ಸರಿಬರ್ತಿಲ್ಲ. ಪಂಕ್ತೀಲಿ ಕೂತವನು ಬಡಿಸೋನ ಕೈ ನೋಡಿದ ಹಾಗೆ ನೋಡ್ತಾ ಇದೆ."

"ನಿನಗೆ ಹಾವಿನ ಮನಸ್ಸು ಅರ್ಥವಾಗೋಲ್ಲ."

ಭಾನುವಾರ ಬಂತು. ಭಾಟಿಯಾ ಭಾಭಿ ಹಾಲಿನ ಬಟ್ಟಲಿನ ಜೊತೆ ತಮ್ಮ ತಂಗಿಯನ್ನೂ ದರ್ಶನಕ್ಕೆ ಕರೆತಂದರು. ನಾನು ಪೆಟ್ಟಿಗೆಗೆ ಬೆನ್ನು ಹಾಕಿ ನಿಂತು, ಸಹಬಾಳ್ವೆಯ ಮೇಲೆ ನಾಲ್ಕು ಮಾತು ಆರಂಭಿಸಿದೆ. ತಾನು ಬದುಕಿ ಇನ್ನೊಬ್ಬರನ್ನೂ ಬದುಕಲು ಬಿಡುವುದು ಹೇಗೆಂದು ಈ ಮೂಕಜೀವಿಗಳಿಂದ ಕಲಿಯಬೇಕು ಎನ್ನುತ್ತಿದ್ದೆ.

"ಭಾಯಿಸಾಬ್," ಭಾಭಿ ನಡುವೆ ಬಾಯಿ ಹಾಕಿದರು, "ದೋ ಥೇ ನಾ? ಏಕ್ ಹೀ ದಿಖ್ ರಹಾ ಹೈ."

ತಿರುಗಿದೆ. ಹೌದು, ಒಂದೇ ಹಾವು ಕಾಣುತ್ತಿತ್ತು. ಬಹಳ ಉದ್ದದ್ದು. ಹಿಂದಿನ ಅರ್ಧ ಕಪ್ಪು ಬಿಳುಪು, ಮುಂದಿನ ಅರ್ಧ ಕಿತ್ತಳೆ. ಕಿತ್ತಳೆಯ ತುದಿಯಲ್ಲಿ ಜಿಲೇಬಿಯ ಪುಟ್ಟ ಮುಖ ನನ್ನನ್ನೇ ನೋಡುತ್ತಿತ್ತು. ಬಾಲದ ಭಾಗ ನವಾಬನ ಬಾಯಿಯೊಳಗೆ ಇತ್ತು.

"ಪ್ಯಾರ್ ಕರ್ ರಹೇ ಹೈಂ!" ಎಂದು ಭಾಭಿಯ ತಂಗಿ ಕೈಮುಗಿದರು.

ಅದೇ ಕ್ಷಣಕ್ಕೆ ಫೋನ್ ಬಂತು. ನಜ್ಮಾ! ಗುಂಪಿನ ಫೋಟೋ ಆಗಷ್ಟೇ ನೋಡಿದ್ದಳು. ಅವಳ ಕೂಗು ಇಡೀ ಕೋಣೆಗೆ ಕೇಳಿಸುತ್ತಿತ್ತು.

"ಅಂಕಲ್! ಎರಡೂ ಒಂದ ಪೆಟ್ಟಿಗ್ಯಾಗ ಅದಾವೇನ್ರಿ? ಮೊದಲ ಹೊರಗ ತಗೀರಿ! ನವಾಬ್ ಹಾವು ತಿನ್ನೋ ಹಾವ್ರಿ!"

"ತಿನ್ನಕ್ಕೆ ಶುರು ಮಾಡಿದಾನಮ್ಮ."

"ಯಾ ಅಲ್ಲಾ! ಎಷ್ಟು ಒಳಗ ಹೋಗೇತ್ರಿ?"

"ಬಾಲದ ಕಡೆಯಿಂದ... ಚೆನ್ನಾಗೇ ಮುಂದುವರಿದಿದೆ. ತಾನಾಗಿ ಬಿಡೋದಿಲ್ವಾ? ಸ್ವಲ್ಪ ಹೊತ್ತು ನೋಡೋಣವಾ?" ಆ ಹೊತ್ತಿನಲ್ಲೂ ನನ್ನ ಬಾಯಿ ಚೌಕಾಸಿ ಬಿಡಲಿಲ್ಲ!

"ಅಂಕಲ್, ಜಿಲೇಬಿ ಸಾಯ್ತೈತ್ರಿ! ಜಗ್ಗಬ್ಯಾಡ್ರಿ, ಮೈ ಹರೀತೈತಿ. ನವಾಬ್‌ನ ಬಾಯಿಮ್ಯಾಲ ತಣ್ಣೀರು ಬಿಡ್ರಿ. ಜಲ್ದಿ!"

ಕೈ ಚಾಚಿದೆ. ಕೈ ಹೋಗಲಿಲ್ಲ. ಗಂಟು ಬಿದ್ದ ಎರಡು ಹಾವುಗಳನ್ನು ಎತ್ತುವುದು ಹೇಗೆ ಎಂಬುದರ ಬಗ್ಗೆ ಮಾತ್ರ ನನ್ನ ಹತ್ತಿರ ಸಲಹೆ ಇರಲಿಲ್ಲ. ಹಿಂದೆ ಸರಿದೆ. ಭಾಭಿಯ ಕಾಲು ತುಳಿದೆ. ಹಾಲು ಕಾರ್ಪೆಟ್ಟಿನ ಪಾಲಾಯಿತು.

ವಸುಧಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈವರೆಗೆ ಆ ಗಾಜನ್ನೂ ಮುಟ್ಟದವಳು, ಮುಚ್ಚಳ ತೆಗೆದು, ಎರಡೂ ಕೈ ಹಾಕಿ, ಗಂಟನ್ನು ಹಾಗೆಯೇ ಎತ್ತಿದಳು. "ದಾರಿ ಬಿಡ್ರೀ!" ಎಂದು ನನ್ನನ್ನು ಮೊಣಕೈಯಿಂದ ತಳ್ಳಿ ಬಚ್ಚಲಿಗೆ ಓಡಿದಳು. "ನಲ್ಲಿ ತಿರುಗಿಸಿ!"

ತಿರುಗಿಸಿದೆ. ಹಬೆ ಬಂತು!

"ತಣ್ಣೀರು ಅಂದ್ಳಲ್ರೀ! ಗೀಸರ್ ಯಾಕೆ?"

ಜನವರಿಯಲ್ಲಿ ದೆಹಲಿಯವನ ಕೈ ತಾನಾಗಿ ಎಡಗಡೆಯ ನಲ್ಲಿಗೇ ಹೋಗುತ್ತದೆ. ನಾನೇನು ಮಾಡಲಿ? ಬಲಗಡೆಯದನ್ನು ತಿರುಗಿಸಿದೆ. ಮೂಳೆ ಕೊರೆಯುವ ನೀರು ನವಾಬನ ಮೂತಿಯ ಮೇಲೆ ಬಿತ್ತು. ಅವನು ಒಮ್ಮೆ ತಲೆ ಕೊಡವಿದ. ಬಿಡಲಿಲ್ಲ. ವಸುಧಾ ಅವನ ತಲೆಯನ್ನು ಧಾರೆಯ ಕೆಳಗೇ ಹಿಡಿದು, ಹಲ್ಲು ಕಚ್ಚಿಕೊಂಡು, "ಬಿಡೋ, ಬಿಡೋ ನನ್ನಪ್ಪ, ನನ್ನ ಮಗಳು ಅಳ್ತಾಳೆ, ಬಿಡೋ," ಎನ್ನುತ್ತಿದ್ದಳು. ಹಾಗೇ ಎಷ್ಟೋ ಹೊತ್ತು ಕಳೆದಂತಾಯಿತು. ಕೊನೆಗೆ ನವಾಬ ಬಾಯಿ ಅಗಲಿಸಿದ. ಜಿಲೇಬಿ ಒದ್ದೆಯಾಗಿ, ಲೋಳೆಯಾಗಿ, ಮೆಲ್ಲಗೆ ಜಾರಿ ಹೊರಬಂದು ವಸುಧಾಳ ಮಣಿಕಟ್ಟಿಗೆ ಸುತ್ತಿಕೊಂಡಿತು.

"ಉಸಿರಾಡ್ತಾ ಇದೆ," ಎಂದು ಅವಳು ಅಲ್ಲೇ ಒದ್ದೆ ನೆಲದಲ್ಲಿ ಕುಸಿದಳು.

ಈ ಕಾರ್ಯಾಚರಣೆಯಲ್ಲಿ ನನ್ನ ಪಾತ್ರವೇನು ಎಂದು ಕೇಳುತ್ತೀರಿ. ನಾನು ಫೋನ್ ಹಿಡಿದು ನಿಂತಿದ್ದೆ. ಫೋನು ತಲೆಕೆಳಗಾಗಿ ನನ್ನ ಎದೆಗೆ ಒತ್ತಿಕೊಂಡಿತ್ತು. ನಜ್ಮಾಳಿಗೆ ಉದ್ದಕ್ಕೂ ಕೇಳಿಸಿದ್ದು ನನ್ನ ಹೃದಯ ಬಡಿತ ಮಾತ್ರವಂತೆ.

ನವಾಬನನ್ನು ಅವನ ಡಬ್ಬಿಗೇ ಸೇರಿಸಿ, ಆ ಡಬ್ಬಿಯನ್ನು ಹೊಸ್ತಿಲು ದಾಟಿಸಿ ಒಳಗೆ ತಂದವಳು ವಸುಧಾಳೇ. ಹೀಟರಿನ ಪಕ್ಕದಲ್ಲೇ ಇಟ್ಟಳು. ಜಿಲೇಬಿಯನ್ನು ಡಾಕ್ಟರಿಗೆ ತೋರಿಸಿದೆವು. ಬಾಲದುದ್ದಕ್ಕೂ ಹಲ್ಲಿನ ಗುರುತು, ಮುಲಾಮು. "ಗಾಯ ಮಾಗುತ್ತೆ. ಆದರೆ ಹೆದರಿದೆ. ತಾನಾಗಿ ತಿನ್ನಬೇಕು. ತಿನ್ನದಿದ್ದರೆ ಕಷ್ಟ," ಎಂದರು. ನಾನು ಚೌಕಾಸಿ ಮಾಡಲಿಲ್ಲ.

ಶ್ರಾವ್ಯ ಬಂದಳು. ನಾನು ದೀರ್ಘವಾದ ವಿವರಣೆ ಸಿದ್ಧಪಡಿಸಿಕೊಂಡಿದ್ದೆ. ಹಿನ್ನೆಲೆ, ಸಂದರ್ಭ, ರಟ್ಟಿನ ಗುಣಮಟ್ಟ, ಎಲ್ಲ. ಅವಳು ಜಿಲೇಬಿಯ ಬಾಲವನ್ನು ಬೆರಳಿನಿಂದ ಸವರಿದಳು. ಕೂಗಾಡಲಿಲ್ಲ.

"ಆಪ್ ನೇ ಪ್ರಾಮಿಸ್ ಕಿಯಾ ಥಾ ಪಪ್ಪಾ."

ಅಷ್ಟೇ. ಅನಂತರ ನನ್ನ ಜೊತೆ ಮಾತು ಬಂದ್. ಉಪ್ಪು ಬೇಕಾದರೂ ಅಮ್ಮನ ಮೂಲಕ ಕೇಳುತ್ತಿದ್ದಳು. ಅರ್ಧಕ್ಕೆ ಇಳಿಸಲು ಮೌನಕ್ಕೆ ರೇಟೇ ಇಲ್ಲ.

ಜಿಲೇಬಿ ತಿನ್ನಲಿಲ್ಲ. ಇಲಿ ಇಟ್ಟರೆ ಮುಖ ತಿರುಗಿಸಿತು. ನಾನು ಸುಮ್ಮನಿರಲಾದೀತೇ? ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಇಲಿ ಇಟ್ಟೆ. ಸಗಟು ಮಾಲು ಬಿಟ್ಟು ಉತ್ತಮ ದರ್ಜೆಯ ಇಲಿ ತಂದೆ. ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು, "ತಿನ್ನು ಕಂದಾ, ಒಂದೇ ಒಂದು, ಅಪ್ಪನಿಗೋಸ್ಕರ," ಎಂದು ಗಾಜು ತಟ್ಟಿದೆ. ಜಿಲೇಬಿ ದಿನೇ ದಿನೇ ಸೊರಗಿತು. ಶ್ರಾವ್ಯಳೂ ಅರ್ಧ ಚಪಾತಿಗೇ ಏಳತೊಡಗಿದಳು.

ಅಷ್ಟರಲ್ಲಿ ನಜ್ಮಾ ನವಾಬನನ್ನು ಕರೆದೊಯ್ಯಲು ಬಂದಳು. ಹೊಸ ರೂಮು ಸಿಕ್ಕಿತ್ತು. "ನನಗೆ ಹೇಳಿದ್ದರೆ ಇನ್ನೂ ಒಳ್ಳೇದು ಹುಡುಕ್ತಿದ್ದೆ," ಎಂದೆ.

"ಅದಕ್ಕ ಹೇಳಲಿಲ್ರಿ ಅಂಕಲ್," ಎಂದಳು ಬಹಳ ವಿನಯದಿಂದ. ಆಮೇಲೆ ಸುಮ್ಮನೆ ಕೂತು ಜಿಲೇಬಿಯನ್ನು ಗಮನಿಸಿದಳು. ನಾನು ಅಡುಗೆಮನೆಗೆ ಹೋದಾಗ ನೋಡಿದಳು, ಮರಳಿ ಬಂದಾಗ ನೋಡಿದಳು. ಬೇಕೆಂದೇ ಮತ್ತೊಮ್ಮೆ ನೀರು ತರಲು ಕಳಿಸಿ ನೋಡಿದಳು.

"ಅಂಕಲ್, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಬಂದ ಕೂಡಲೆ ಅದು ಒಳಗ ಹೊಕ್ಕೊಳ್ಳಾಕತ್ತೈತಿ."

"ಸರಿ, ಪಕ್ಕದ ರೂಮಿಗೆ ಹೋಗ್ತೀನಿ."

"ಹೆಜ್ಜಿ ನೆಲದಾಗ ಗೊತ್ತಾಗ್ತೈತ್ರಿ ಅದಕ್ಕ."

"ರೀ," ವಸುಧಾ ಮಂಕಿ ಕ್ಯಾಪನ್ನೂ ಶಾಲನ್ನೂ ನನ್ನ ಕೈಗಿತ್ತಳು, "ಸ್ವಲ್ಪ ಹೊರಗಿರಿ."

"ನನ್ನ ಮನೆ ಕಣೇ ಇದು!"

"ನಡೀರಿ ನಡೀರಿ, ಜಿಲೇಬಿಯದ್ದೂ ಹೌದು."

ಬಾಗಿಲು ಹಾಕಿದರು. ಸ್ವಂತ ದುಡಿಮೆಯ ಫ್ಲಾಟಿನ ಹೊರಗೆ, ಲಿಫ್ಟಿನ ಪಕ್ಕದಲ್ಲಿ, ಮಂಕಿ ಕ್ಯಾಪ್ ಹಾಕಿಕೊಂಡು ನಿಂತೆ. ಒಳಗೆ ಏನೂ ಸದ್ದಿಲ್ಲ. ಕಾಲು ಬದಲಿಸಲೂ ಹೆದರಿಕೆ, ನೆಲದಲ್ಲಿ ಗೊತ್ತಾಗಿಬಿಟ್ಟರೆ? ಕಲ್ಲಿನಂತೆ ನಿಂತೆ. ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಇದ್ದಕ್ಕಿದ್ದಂತೆ ಒಳಗಿನಿಂದ ಕಿರುಚಾಟ. "ಖಾ ಲಿಯಾ! ಮಮ್ಮಾ, ಖಾ ಲಿಯಾ!" ಚಪ್ಪಾಳೆ, ನಜ್ಮಾಳ ನಗು, ವಸುಧಾ ಮೂಗು ಸೀಟುವ ಸದ್ದು. ಕಣ್ಣಲ್ಲಿ ನೀರು ತುಂಬಿ ಬಾಗಿಲಿಗೆ ಕೈ ಹಾಕಿದೆ. ಬಾಗಿಲು ಎರಡು ಬೆರಳಿನಷ್ಟು ತೆರೆಯಿತು. ಸಂದಿಯಲ್ಲಿ ಶ್ರಾವ್ಯಳ ಮುಖ. ನಗುತ್ತಿದ್ದಳು. ಎಷ್ಟೋ ದಿನಗಳ ಮೇಲೆ, ನೇರವಾಗಿ ನನಗೇ ಹೇಳಿದಳು:

"ಪಪ್ಪಾ, ಥ್ಯಾಂಕ್ಯೂ! ಅಭೀ ಅಂದರ್ ಮತ್ ಆನಾ. ಇನ್ನೂ ನುಂಗ್ತಾ ಇದೆ."

ಬಾಗಿಲು ಮತ್ತೆ ಮುಚ್ಚಿತು.

ಲಿಫ್ಟಿನಿಂದ ಭಾಟಿಯಾ ಭಾಭಿ ಇಳಿದರು. ಗಲಾಟೆ ಕೇಳಿ, ವಿಷಯ ತಿಳಿದು, ಬೆರಗಾದರು. "ಡಾಕ್ಟರಿಗೂ ಆಗದ್ದು! ಭಾಯಿಸಾಬ್, ಕೊನೆಗೆ ನೀವು ಏನು ಮಾಡಿದಿರಿ?"

ಕೇಳಿದವರಿಗೆ ಸಲಹೆ ಇಲ್ಲ ಎನ್ನುವುದು ನನ್ನ ರೂಢಿಯಲ್ಲ. ಗಂಟಲು ಸರಿಮಾಡಿಕೊಂಡು, ಆದಷ್ಟು ಮೆಲ್ಲಗೆ ಹೇಳಿದೆ:

"ಹೊರಗೆ ನಿಂತೆ."